ಕುಡಿಯದೇ ಕುಡಿತ ಬಿಟ್ಟವರು

ಹೋದ ತಿಂಗಳು ಹಾನಗಲ್ಲಿನಲ್ಲಿ ನಮ್ಮ ಸಾಹೇಬರ ಬೀಳ್ಕೊಡುಗೆ ನಡೆಯಿತು. ಅದಕ್ಕೊಂದು ಅಭಿನಂದನ ಸಂಚಿಕೆ ತರುತ್ತೇವೆ, ನೀವು ಅವರ ಕೈಕೆಳಗೆ ಕೆಲಸ ಮಾಡಿದವರು, ಎರಡು ಪುಟ ಬರೆದುಕೊಡಿ ಎಂದು ಸಮಿತಿಯವರು ನನ್ನನ್ನೂ ಕೇಳಿದ್ದರು. ಒಳ್ಳೆಯ ನೆನಪುಗಳಷ್ಟೇ ಸಾಕು ಎಂದು ಹೋಗುವಾಗ ಬಾಗಿಲಲ್ಲಿ ನಿಂತು ಮತ್ತೊಮ್ಮೆ ಹೇಳಿದರು. ಒಳ್ಳೆಯ ನೆನಪುಗಳನ್ನು ಹುಡುಕುತ್ತ ಕೂತೆ. ಅವರ ಬಿಳಿ ಅಂಗಿಯ ಇಸ್ತ್ರಿ ಎಂದೂ ಮುರಿದಿರಲಿಲ್ಲ. ಅಕ್ಷರ ದುಂಡಗಿತ್ತು. ಫೋಟೊ ತೆಗೆಯುವಾಗ ಪಕ್ಕದವರ ಹೆಗಲ ಮೇಲೆ ತಪ್ಪದೆ ಕೈ ಇಡುತ್ತಿದ್ದರು, ಫೋಟೊ ಆದ ಕೂಡಲೇ ತೆಗೆಯುತ್ತಿದ್ದರು. ಇಷ್ಟಕ್ಕೆ ಎರಡು ಪುಟ ತುಂಬುವುದಿಲ್ಲವಾದ್ದರಿಂದ ಬರೆದುಕೊಡಲಿಲ್ಲ. ಸಂಚಿಕೆಗೆ ಹೊಂದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಮಾತ್ರ ಬರೆಯುವುದಿಲ್ಲ. ಬರೆದರೆ ಇದನ್ನೂ ಕತ್ತರಿಸಿ ತಮ್ಮ ಪ್ರಶಸ್ತಿಪತ್ರಗಳ ಜೊತೆ ಇಟ್ಟುಕೊಳ್ಳುವ ಪೈಕಿ ಅವರು.

ನಮ್ಮದೊಂದು ಸಣ್ಣ ಸಂಸ್ಥೆ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿ ಕುಡಿತ ಬಿಡಬೇಕೆನ್ನುವವರ ಮನೆಗೆ, ಮನಸ್ಸಿನ ಕಾಯಿಲೆಯಿಂದ ಏಳುತ್ತಿರುವವರ ಮನೆಗೆ ಹೋಗಿ ಜೊತೆಗಿರುವುದು ನಮ್ಮ ಕೆಲಸ. ಹೋಗುವವರೂ ಅದೇ ದಾರಿ ನಡೆದು ಬಂದವರಾಗಿರಬೇಕು. ಕುಡಿದು ಬಿಟ್ಟವನು ಕುಡಿಯುವವನ ಹತ್ತಿರ, ತಲೆ ಕೆಟ್ಟು ನೆಟ್ಟಗಾದವಳು ತಲೆ ಕೆಟ್ಟವಳ ಹತ್ತಿರ. ಕಾಗದದ ಮೇಲೆ ನಮಗೆ ಪೀರ್ ವರ್ಕರ್ ಎಂದು ಹೆಸರು. ನಮ್ಮ ಕಡೆ ಪೀರ ಅಂದರೆ ದೇವರು, ಮೊಹರಮ್ಮಿನಲ್ಲಿ ಹೊತ್ತು ತಿರುಗುತ್ತಾರೆ, ನಮ್ಮನ್ನು ಯಾರು ಹೊರುತ್ತಾರೆ ಎಂದು ಸವಣೂರಿನ ದಾವಲಸಾಬ ನಗಿಸುತ್ತಿದ್ದ. ಅವನನ್ನೂ ಒಂದು ಕಾಲಕ್ಕೆ ಜನ ಹೊತ್ತೇ ಮನೆಗೆ ತರುತ್ತಿದ್ದರಂತೆ. ಕುಡಿತದ ಕಡೆ ಅವನ ಹಾಗೆ ಇನ್ನೂ ಮೂವರು ಗಂಡಸರಿದ್ದರು. ಮನಸ್ಸಿನ ಕಡೆಗೆ ನಾನೊಬ್ಬಳೇ. ಮಗ ಹುಟ್ಟಿದ ಮೇಲೆ ನನಗೆ ಯಾರು ಯಾರದೋ ಧ್ವನಿ ಕೇಳಲು ಶುರುವಾಗಿ, ಧಾರವಾಡದ ಮನೋರೋಗ ದವಾಖಾನೆಯಲ್ಲಿ ಮಲಗಿ ಎದ್ದು ಬಂದವಳು ನಾನು. ನಮ್ಮ ಐವರ ಮೇಲೆ ಉಸ್ತುವಾರಿ ಸಾಹೇಬರದು.

ಉಸ್ತುವಾರಿಯ ಹುದ್ದೆಗೂ ಸ್ವಂತ ಅನುಭವ ಇದ್ದವರೇ ಬೇಕು ಎಂಬುದು ಸಂಸ್ಥೆಯ ನಿಯಮ. ಸಾಹೇಬರು ಮೊದಲು ವಿಮೆ ಮಾಡಿಸುತ್ತಿದ್ದರು. ಸಾವನ್ನು ಕಣ್ಣಿಗೆ ಕಟ್ಟುವಂತೆ ಹೇಳಿ ಎದುರಿಗಿದ್ದವನ ಸಹಿ ತೆಗೆದುಕೊಳ್ಳುವ ವಿದ್ಯೆ ಅವರಿಗೆ ಅಲ್ಲೇ ಕೈಗೂಡಿತ್ತು. ಇಲ್ಲಿಗೆ ಬರುವಾಗ ತಮ್ಮದೇ ಒಂದು ಕುಡಿತದ ಕಥೆಯನ್ನೂ ಕಟ್ಟಿಕೊಂಡು ಬಂದರು.

ಊರೂರ ಸಭೆಗಳಲ್ಲಿ ಹೇಳುತ್ತಿದ್ದ ಆ ಕಥೆ ನನಗೆ ಬಾಯಿಪಾಠ. ನಾನೂ ನಿಮ್ಮಂತೆ ಗಟಾರದಲ್ಲಿ ಬಿದ್ದೆದ್ದು ಬಂದವನು ಎಂದು ಶುರುವಾಗುತ್ತಿತ್ತು. ದಿನಕ್ಕೊಂದು ಬಾಟಲಿ. ಹೆಂಡತಿಯ ಕಣ್ಣೀರು. ಮುಂಜಾನೆ ಕುಡಿದ ಕೂಡಲೇ ಕೈ ಗಡಗಡ ನಡುಗುವುದು, ಚಹದ ಬಸಿ ಹಿಡಿಯಲಾಗದಿರುವುದು. ಕೊನೆಗೊಂದು ದಿನ ಆನೆಕೆರೆಯ ದಂಡೆಯ ಮೇಲೆ ನಿಂತು ತುಂಬಿದ ಬಾಟಲಿಯನ್ನು ನೀರಿಗೆಸೆದದ್ದು, ಅಂದಿನಿಂದ ಇಂದಿನವರೆಗೆ ಹನಿ ಮುಟ್ಟದಿರುವುದು. ಕಥೆ ಇಲ್ಲಿಗೆ ಬಂದಾಗ ಧ್ವನಿ ಇಳಿಸಿ, ಕನ್ನಡಕ ತೆಗೆದು, ಒಣಗಿದ ಕಣ್ಣನ್ನೇ ಒರೆಸಿಕೊಳ್ಳುತ್ತಿದ್ದರು.

ಮೊದಲ ಸಲ ಕೇಳಿದಾಗ ನನಗೆ ನಿಜವಾಗಿಯೂ ಅಳು ಬಂತು. ಸೆರಗಿನಿಂದ ಕಣ್ಣೊರೆಸಿಕೊಂಡು ಪಕ್ಕಕ್ಕೆ ನೋಡಿದರೆ ನಮ್ಮ ನಾಲ್ವರು ಗಂಡಸರ ಮುಖ ಸೆಟೆದುಕೊಂಡಿತ್ತು. ಒಬ್ಬ ಫ್ಯಾನು ನೋಡುತ್ತಿದ್ದ. ಇನ್ನೊಬ್ಬ ತುಟಿ ಕಚ್ಚಿಕೊಂಡಿದ್ದ. ಸಭೆ ಮುಗಿದ ಮೇಲೆ ಬಸ್‌ಸ್ಟ್ಯಾಂಡಿನ ಚಹದಂಗಡಿಯಲ್ಲಿ, ಏನಾಯಿತು ನಿಮಗೆ ಎಂದು ಕೇಳಿದೆ.

“ಅಕ್ಕಾರ, ಕುಡದ್ರ ಕೈ ನಿಲ್ತಾವ್ರಿ. ಕುಡೀಲಿಲ್ಲಂದ್ರ ನಡಗ್ತಾವ,” ಎಂದ ದಾವಲಸಾಬ. “ಇಷ್ಟು ಗೊತ್ತಿಲ್ದಾಂವ ಏನ್ ಕುಡದಾನ್ರಿ?”

ಶಿಗ್ಗಾಂವಿಯವನಿಗೆ ಬಾಟಲಿಯ ಮೇಲೆ ಅನುಮಾನ. ನಮ್ಮ ಪೈಕಿ ಯಾರೂ ಬಾಟಲಿ ಕಂಡವರಲ್ಲ, ಕುಡಿದದ್ದೆಲ್ಲ ನೈಂಟಿ ಪಾಕೀಟು, ತುಂಬಿದ್ದನ್ನು ಕೆರೆಗೆ ಎಸೆಯುವವನು ಕುಡುಕನಲ್ಲ, ಅಂಥವನನ್ನು ಅಕ್ಕಾರ ವಿಭಾಗಕ್ಕೆ ಕಳಿಸಬೇಕು ಎಂದ. ನಾಲ್ವರೂ ಬಿದ್ದು ಬಿದ್ದು ನಕ್ಕರು. ನನ್ನ ಕಣ್ಣೀರು ದಂಡವಾಯಿತಲ್ಲ ಎಂದು ನನಗೆ ಸಿಟ್ಟು ಬಂತು.

ಉಳಿದಿದ್ದ ಸಂಶಯವನ್ನು ಅವರ ಹೆಂಡತಿಯೇ ತೀರಿಸಿದರು. ಶ್ರಾವಣದಲ್ಲಿ ಒಮ್ಮೆ ನಮ್ಮನ್ನೆಲ್ಲ ಮನೆಗೆ ಊಟಕ್ಕೆ ಕರೆದಿದ್ದರು. ಹೋಳಿಗೆಯ ಮೇಲೆ ತುಪ್ಪ ಹಾಕುತ್ತ ಆ ತಾಯಿ, ನಮ್ಮ ಮನೆಯವರು ಎಲೆ ಅಡಿಕೆ ಸಹ ಮುಟ್ಟಿದವರಲ್ಲ, ಮದುವೆಯಾದಾಗಿನಿಂದ ನೋಡುತ್ತಿದ್ದೇನೆ, ಪಿತ್ತವಾಗುತ್ತದೆಂದು ಚಹಾ ಕೂಡ ಅರ್ಧ ಕಪ್ಪು ಎಂದು ಅಭಿಮಾನದಿಂದ ಹೇಳಿದರು. ಸಾಲಿನಲ್ಲಿ ಕೂತ ನಾಲ್ವರು ಕುಡುಕರೂ ತಲೆ ಬಗ್ಗಿಸಿ ಹೋಳಿಗೆ ಮುರಿಯತೊಡಗಿದರು. ಪಾಪದ ಹೆಂಗಸು. ನಾಲ್ಕು ತಾಲೂಕಿನ ಸಭೆಗಳಲ್ಲಿ ಗಂಡನ ಕಥೆಯೊಳಗೆ ತಾವು ಎಷ್ಟು ಅತ್ತಿದ್ದೇವೆಂಬುದು ಅವರಿಗೆ ಗೊತ್ತೇ ಇರಲಿಲ್ಲ.

ಹಾಗಾದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಆ ಗಂಡಸರಿಗೆ ಊರಲ್ಲಿ ಮರ್ಯಾದೆಯಿಂದ ಹೇಳಿಕೊಳ್ಳುವಂಥ ಕೆಲಸ ಸಿಕ್ಕದ್ದೇ ಮೊದಲ ಸಲ. ಅಲ್ಲದೆ, ಜನ್ಮವೆಲ್ಲ ಸುಳ್ಳು ಹೇಳಿ ಕುಡಿದವರು ನಾವು, ಕುಡಿಯದ ಮನುಷ್ಯ ಸುಳ್ಳು ಹೇಳುತ್ತಾನೆ ಎಂದರೆ ಯಾರು ನಂಬುತ್ತಾರೆ ಎಂದು ದಾವಲಸಾಬ ಕೇಳಿದ. ಅದೂ ಸರಿಯೇ. ಹೀಗಾಗಿ ಅದು ನಮ್ಮೊಳಗಿನ ನಗೆಯಾಗಿಯೇ ಉಳಿಯಿತು.

ಸಾಹೇಬರ ಉಸ್ತುವಾರಿ ಎಂದರೆ ಸೋಮವಾರದ ಮೀಟಿಂಗು. ಗೊಬ್ಬರದಂಗಡಿಯ ಮೇಲಿನ ನಮ್ಮ ಕೋಣೆಯಲ್ಲಿ ಕೂತು, ಯಾರ ಮನೆಗೆ ಹೋಗಿದ್ದಿರಿ, ಅಲ್ಲಿ ಏನಾಯಿತು, ಹೋಗಿ ಬಂದ ಮೇಲೆ ನಿಮಗೇ ಕುಡಿಯಬೇಕೆನಿಸಿತೇ ಎಂದು ಕೇಳಬೇಕಾದವರು ಅವರು. ಇದರಲ್ಲಿ ಒಂದನ್ನೂ ಕೇಳಿದವರಲ್ಲ. ಕಥೆ ಹೇಗೆ ಹೇಳಬೇಕೆಂದು ಕಲಿಸುತ್ತಿದ್ದರು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ನೀರು ಕುಡಿಯಬೇಕು, ಯಾವ ಮಾತಿಗೆ ಹೆಂಗಸರು ಅಳುತ್ತಾರೆ. ನನ್ನ ಕಥೆ ಅವರಿಗೆ ಬಹಳ ಸಪ್ಪೆ ಅನ್ನಿಸಿತ್ತು. ಕೂಸನ್ನು ಬಾವಿಗೆ ಎಸೆಯಲು ಹೋಗಿದ್ದೆ ಎಂದು ಸೇರಿಸಿ, ಸ್ವಲ್ಪ ಉಪ್ಪು ಖಾರ ಇರಬೇಕು ಎಂದರು. ನಾನು ನನ್ನ ಮಗನಿಗೆ ಉಗುರು ತಾಗಿಸಿದವಳಲ್ಲ. ಧ್ವನಿಗಳು ಏನೇ ಹೇಳಲಿ, ಅವನನ್ನು ಎದೆಗವಚಿಕೊಂಡೇ ಕೂತಿದ್ದವಳು.

“ನನ್ನ ಮಗ ನಾಳೆ ದೊಡ್ಡವ ಆಗ್ತಾನ್ರಿ ಸರ್. ಈ ಮಾತು ಅವನ ಕಿವಿಗೆ ಬಿದ್ರ ನಾ ಏನ್ ಹೇಳ್ಲಿ?” ಎಂದೆ.

ಜನರ ಒಳ್ಳೆಯದಕ್ಕೆ ಒಂದು ಸಣ್ಣ ಸುಳ್ಳು ಹೇಳಿದರೆ ಏನಾಗುತ್ತದೆ ಎಂದರು. ಖಾರವೇ ಬೇಕೆಂದರೆ ಚಹದ ಜೊತೆಗೆ ತಿನ್ನಲು ನಮ್ಮ ಸವಣೂರ ಖಾರಾ ತರಿಸುತ್ತೇನೆ ಬಿಡಿ ಸರ್ ಎಂದು ದಾವಲಸಾಬ ನಡುವೆ ಬಾಯಿ ಹಾಕಿ ಮಾತು ಮುರಿದ. ಅವನು ಮುರಿಯದಿದ್ದರೆ ನಾನು ಅಂದು ಕುರ್ಚಿ ಎತ್ತುತ್ತಿದ್ದೆ.

ಮನೆಭೇಟಿಗೆ ಬಂದರೆ ಸಾಹೇಬರು ಗಾಡಿಯಿಂದ ಇಳಿಯುತ್ತಿರಲಿಲ್ಲ. ಅಂಗಳದಲ್ಲಿ ಮೂಗಿಗೆ ಕರವಸ್ತ್ರ ಹಿಡಿದು, ಬೇಗ ಮುಗಿಸಿ ಬನ್ನಿ ಎನ್ನುವಂತೆ ಹಾರ್ನು ಹಾಕುತ್ತಿದ್ದರು. ಗಟಾರದಿಂದ ಎದ್ದು ಬಂದವರಿಗೆ ವಾಂತಿಯ ವಾಸನೆ ಆಗಿಬರುತ್ತಿರಲಿಲ್ಲ.

ಇಷ್ಟೇ ಆಗಿದ್ದರೆ ಅವರನ್ನು ಕಂಡು ನಕ್ಕು ಸುಮ್ಮನಿರಬಹುದಿತ್ತು. ಆದರೆ ಅವರೊಂದು ಪದ್ಧತಿ ತಂದರು. ಸಭೆಯ ಕೊನೆಗೆ ಕರ್ಪೂರ ಹಚ್ಚಿ, ಅದರ ಮೇಲೆ ಕೈ ಹಿಡಿಸಿ ಆಣೆ ಮಾಡಿಸುವುದು. ಇವತ್ತಿನಿಂದ ಹನಿ ಮುಟ್ಟುವುದಿಲ್ಲ, ಗುಳಿಗೆಯ ಆಸರೆಯನ್ನೂ ಹಿಡಿಯುವುದಿಲ್ಲ. ಗುಳಿಗೆಯೂ ಒಂದು ನಶೆಯೇ ಎಂದು ಅವರ ತೀರ್ಮಾನ. ಬಹಳ ವರ್ಷ ಮುಂಜಾನೆಯಿಂದಲೇ ಕುಡಿಯುತ್ತ ಬಂದವನು ಒಮ್ಮೆಲೇ ನಿಲ್ಲಿಸಿದರೆ ಎರಡನೇ ದಿನಕ್ಕೋ ಮೂರನೇ ದಿನಕ್ಕೋ ಮೈ ತಿರುಗಿ ಬೀಳುತ್ತದೆ. ಫಿಟ್ಸ್ ಬರಬಹುದು, ಇಲ್ಲದ್ದು ಕಾಣಬಹುದು, ಜೀವವೇ ಹೋಗಬಹುದು. ಅಂಥವನನ್ನು ಮೊದಲು ದವಾಖಾನೆಗೆ ಸೇರಿಸಿ, ಗುಳಿಗೆ ಕೊಡಿಸಿ ಬಿಡಿಸಬೇಕು. ನಮ್ಮ ಗಂಡಸರು ಇದನ್ನು ಮೈಮೇಲೆ ಅನುಭವಿಸಿ ತಿಳಿದವರು. ಮೈಮೇಲೆ ಏನೂ ಬಾರದವರು ಮೈಕು ಹಿಡಿದು ಆಣೆ ಮಾಡಿಸುತ್ತಿದ್ದರು.

ತಿಳವಳ್ಳಿಯ ಸಭೆಯಲ್ಲಿ ಗುತ್ತೆಪ್ಪ ಎದ್ದು ಬಂದ. ಬ್ಯಾಂಡ್ ಕಂಪನಿಯಲ್ಲಿ ಕ್ಲಾರಿನೆಟ್ ಊದುವವನು. ಮದುವೆ ಮೆರವಣಿಗೆಗಳಲ್ಲಿ ಬೀಗರು ಕುಡಿಸುತ್ತ ಬಂದದ್ದು, ಮದುವೆಯಿಲ್ಲದ ದಿನಗಳಿಗೂ ಅಂಟಿಕೊಂಡು, ಈಗ ಪಾಕೀಟು ಇಲ್ಲದೆ ಹಾಸಿಗೆಯಿಂದ ಏಳಲಾಗದ ಸ್ಥಿತಿ. ಸಾಹೇಬರ ಕಥೆ ಕೇಳಿ ಅವನು ಅವರ ಕಾಲಿಗೆ ಬಿದ್ದ. ಅವನ ಬಣ್ಣ ನೋಡಿಯೇ ದಾವಲಸಾಬ ಹತ್ತಿರ ಹೋಗಿ, ಇವನಿಗೆ ಆಣೆ ಬೇಡ, ಮೊದಲು ದವಾಖಾನೆಗೆ ಒಯ್ಯೋಣ ಎಂದು ಸಾಹೇಬರ ಕಿವಿಯಲ್ಲಿ ಹೇಳಿದ. ಸಾಹೇಬರು ಉತ್ತರವನ್ನು ಮೈಕಿನಲ್ಲಿ ಕೊಟ್ಟರು.

“ನಾ ಯಾವ ದವಾಖಾನಿಗೆ ಹೋಗಿದ್ದೆ? ಮನಸ್ಸು ಮಾಡಿದೆ, ಬಿಟ್ಟೆ.”

ಜನ ಚಪ್ಪಾಳೆ ತಟ್ಟಿದರು. ಆ ಪ್ರಶ್ನೆಗೆ ಉತ್ತರ ನಮ್ಮೆಲ್ಲರ ಬಾಯಲ್ಲೂ ಇತ್ತು, ಆದರೆ ಅಷ್ಟು ಜನರೆದುರು ಯಾರೂ ಆಡಲಿಲ್ಲ. ಗುತ್ತೆಪ್ಪ ಕರ್ಪೂರದ ಮೇಲೆ ಕೈ ಹಿಡಿದ, ಫೋಟೊ ಆಯಿತು.

ಮೂರನೇ ದಿನ ಮಧ್ಯಾಹ್ನ ಅವನ ಹೆಂಡತಿ ಫಕ್ಕೀರವ್ವ ಫೋನು ಮಾಡಿದಳು. ದಾವಲಸಾಬ ಹಾನಗಲ್ಲಿನಲ್ಲೇ ಇದ್ದ. ಇಬ್ಬರೂ ಅವನ ಗಾಡಿಯ ಮೇಲೆ ಹೋದೆವು. ಮುಂಜಾನೆ ಒಮ್ಮೆ ಫಿಟ್ಸ್ ಬಂದು ಹೋಗಿತ್ತು. ಈಗ ಗುತ್ತೆಪ್ಪ ಬೆವರಿನಲ್ಲಿ ತೊಯ್ದು, ಗೋಡೆಯ ಮೇಲಿಂದ ಇಲ್ಲದ ಇರುವೆಗಳನ್ನು ಒಂದೊಂದಾಗಿ ಹೆಕ್ಕಿ ಬಿಸಾಡುತ್ತಿದ್ದ. ನಡುನಡುವೆ ಒಂದು ಕೋಲನ್ನು ಬಾಯಿಗಿಟ್ಟುಕೊಂಡು ಬೆರಳಾಡಿಸಿ ಊದುತ್ತಿದ್ದ. ಅದೇ ಕೋಲಿನಿಂದ ಹೆಂಡತಿಯನ್ನು ಯಾರೋ ಕಳ್ಳಿಯೆಂದು ತಿಳಿದು ಹೊಡೆದಿದ್ದ. ಫಕ್ಕೀರವ್ವನ ಹಣೆಗೆ ಕಟ್ಟಿದ ಅರಿವೆಯಲ್ಲಿ ರಕ್ತ ಒಸರುತ್ತಿತ್ತು. ಆಣೆ ಮಾಡಿಸಿದವರೆಂದು ಸಾಹೇಬರಿಗೂ ಅವಳು ಫೋನು ಮಾಡಿದ್ದಳು. ಅವರು ನಮಗಿಂತ ಮೊದಲೇ ಬಂದು ಹೊಸ್ತಿಲ ಹೊರಗೆ ಕರವಸ್ತ್ರ ಹಿಡಿದು ನಿಂತಿದ್ದರು.

ದವಾಖಾನೆಗೆ ಒಯ್ದರೆ ಆಣೆ ಮುರಿದಂತಾಗುತ್ತದೆ ಎನ್ನುತ್ತಾರೆ, ಸಾಹೇಬರೂ ಹೀಗೇ ಬಿಟ್ಟರಂತಲ್ಲ, ಏನು ಮಾಡಲಿ ಎಂದು ಫಕ್ಕೀರವ್ವ ನನ್ನ ಕೈ ಹಿಡಿದುಕೊಂಡಳು.

“ತಡಕೋಬೇಕು ತಂಗಿ,” ಎಂದರು ಸಾಹೇಬರು. “ನನಗೂ ಹಿಂಗ ಆಗಿತ್ತು. ನಾಳಿಗೆ ಎಲ್ಲಾ ಇಳೀತೈತಿ.”

ನಾಳೆಯವರೆಗೆ ಆ ಮನುಷ್ಯ ಉಳಿಯುವಂತೆ ಕಾಣುತ್ತಿರಲಿಲ್ಲ. ನಾನು ಎಷ್ಟು ಹೇಳಿದರೂ ಫಕ್ಕೀರವ್ವ ಸಾಹೇಬರ ಮುಖವನ್ನೇ ನೋಡುತ್ತಿದ್ದಳು. ಕುಡಿದು ಬಿಟ್ಟ ದೊಡ್ಡ ಮನುಷ್ಯರ ಮಾತಿನೆದುರು ನನ್ನ ಮಾತು ಯಾವ ಲೆಕ್ಕ? ಆಗ ದಾವಲಸಾಬ ಒಂದು ಪ್ರಶ್ನೆ ಕೇಳಿದ.

“ಸರ್, ನೀವು ಕುಡೀತಿದ್ದಾಗ ಮುಂಜಾನೆ ಕೈ ಯಾವಾಗ ನಡಗ್ತಿದ್ವು? ಕುಡಿಯೂಕಿಂತ ಮೊದಲೋ, ಕುಡದ ಮ್ಯಾಲೋ?”

ಇದೇನು ಹೊತ್ತಲ್ಲದ ಹೊತ್ತಿನಲ್ಲಿ ಎಂಬಂತೆ ಸಾಹೇಬರು ಅವನನ್ನು ನೋಡಿದರು.

“ಕುಡದ ಮ್ಯಾಲ. ಎಷ್ಟು ಸಲ ಹೇಳೇನಿ ಸಭಾದಾಗ.”

ಫಕ್ಕೀರವ್ವ ನನ್ನ ಕೈ ಬಿಟ್ಟಳು. ಎಷ್ಟೋ ವರ್ಷಗಳಿಂದ ದಿನಾ ಮುಂಜಾನೆ ಗಂಡನ ಕೈ ನಿಲ್ಲದೆಂದು ಪಾಕೀಟಿನ ತುದಿ ಕತ್ತರಿಸಿ ಅವನ ಬಾಯಿಗೆ ಹಿಡಿದವಳು ಅವಳು. ಅದು ಒಳಗೆ ಇಳಿದ ಮೇಲೆಯೇ ಅವನು ತನ್ನ ಅಂಗಿಯ ಗುಂಡಿ ತಾನೇ ಹಾಕಿಕೊಳ್ಳುತ್ತಿದ್ದ. ಅವಳು ಸಾಹೇಬರನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದಳು.

“ದಿನಾ ಪಾಕೀಟ ಕತ್ತರಿಸಿ ಬಾಯಿಗೆ ಹಿಡದಾಕಿ ನಾ. ಸಾಹೇಬ್ರ, ನೀವು ಎಂದೂ ಕುಡದ ಇಲ್ಲ,” ಎಂದಳು. ಧ್ವನಿ ಎತ್ತಲೂ ಇಲ್ಲ. ಆಮೇಲೆ ದಾವಲಸಾಬನ ಕಡೆಗೆ ತಿರುಗಿ, “ಒಂದ್ ಟಂಟಂ ತರ್ರಿ ಅಣ್ಣಾರ,” ಎಂದಳು.

ಟಂಟಂ ಆಟೊದಲ್ಲಿ ಹಾಕಿಕೊಂಡು ಹಾವೇರಿಯ ದವಾಖಾನೆಗೆ ಒಯ್ದೆವು. ಅಲ್ಲಿ ಕೈಕಾಲು ಕಟ್ಟಿ ಮಲಗಿಸಿ, ಸಲಾಯಿನ್ ಹಚ್ಚಿ, ಸೂಜಿ ಕೊಟ್ಟರು. ಕೆಲವು ದಿನಗಳ ಮೇಲೆ ಗುತ್ತೆಪ್ಪ ಕಣ್ಣು ಬಿಟ್ಟು ಹೆಂಡತಿಯ ಗುರುತು ಹಿಡಿದ. ನಿನ್ನ ಹಣೆಗೆ ಏನಾಯಿತು ಎಂಬುದೇ ಅವನ ಮೊದಲ ಮಾತು.

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಮುಂದಿನ ಸೋಮವಾರ ಸಾಹೇಬರು, ತಮ್ಮ ಸಕಾಲಿಕ ಮಾರ್ಗದರ್ಶನದಿಂದ ತಿಳವಳ್ಳಿಯಲ್ಲಿ ಒಂದು ಜೀವ ಉಳಿಯಿತು ಎಂದು ಎಲ್ಲರೆದುರು ಹೇಳಿದರು. ಹೇಳುವಾಗ ಒಂದು ರೆಪ್ಪೆ ಅಲುಗಲಿಲ್ಲ. ಆ ತಿಂಗಳು ಮುಗಿಯುವುದರೊಳಗೆ, ಜನರೆದುರು ಹಿರಿಯರಿಗೆ ಅಗೌರವ ತೋರಿದನೆಂದು ದಾವಲಸಾಬನನ್ನು ಕೆಲಸದಿಂದ ತೆಗೆಸಿದರು. ನಾವು ನಾಲ್ವರೂ ಮೇಲಿನವರಿಗೆ ಹೋಗಿ ಹೇಳಿದೆವು. ಇಷ್ಟು ಒಳ್ಳೆಯ ಭಾಷಣಕಾರರ ಮೇಲೆ ಹೊಟ್ಟೆಕಿಚ್ಚು ಬೇಡ ಎಂದು ಅವರು ನಮಗೆ ಬುದ್ಧಿ ಹೇಳಿ ಕಳಿಸಿದರು. ದಾವಲಸಾಬ ಸವಣೂರಿನಲ್ಲಿ ಅಪ್ಪನ ಎಲೆಯಂಗಡಿಯಲ್ಲಿ ಕೂತ. ಕುಡಿತ ಬಿಡಬೇಕೆನ್ನುವವರು ಈಗಲೂ ಅಲ್ಲಿಗೇ ಹೋಗುತ್ತಾರೆ, ಅವನು ಅಂಗಡಿ ಮುಚ್ಚಿಯಾದರೂ ಅವರನ್ನು ದವಾಖಾನೆಗೆ ಮುಟ್ಟಿಸಿ ಬರುತ್ತಾನೆ. ಸಾಹೇಬರ ಮೇಲಿನ ನನ್ನ ಸಿಟ್ಟು ಇಂದಿಗೂ ಇಳಿದಿಲ್ಲ, ಇಳಿಸಿಕೊಳ್ಳುವ ಮನಸ್ಸೂ ಇಲ್ಲ.

ಕೆಲವು ತಿಂಗಳ ಮೇಲೆ ಹಿರೇಕೆರೂರು ತಾಲೂಕಿನ ಚಿಕ್ಕೇರೂರಿನಲ್ಲಿ ಸಭೆ. ಎಂದಿನಂತೆ ಗಟಾರದಿಂದ ಶುರುವಾಯಿತು. ನಾನು ಕಿಟಕಿಯ ಹೊರಗೆ ನೋಡುತ್ತಿದ್ದವಳು ಕಿವಿ ನಿಮಿರಿಸಿದೆ. ಬಾಟಲಿ ಹೋಗಿ ಪಾಕೀಟು ಬಂದಿತ್ತು. ಕೈ ಈಗ ಕುಡಿಯುವ ಮೊದಲೇ ನಡುಗುತ್ತಿತ್ತು, ಹೆಂಡತಿ ಪಾಕೀಟು ಕತ್ತರಿಸಿ ಬಾಯಿಗೆ ಹಿಡಿಯುತ್ತಿದ್ದಳು. ಕಥೆಯೊಳಗಿನ ಆನೆಕೆರೆ ಬತ್ತಿಹೋಗಿತ್ತು. ಮೂರನೇ ದಿನ ಗೋಡೆಯ ಮೇಲೆ ಇರುವೆ ಕಂಡವು, ಹೆಂಡತಿ ಟಂಟಂ ತರಿಸಿದಳು, ದವಾಖಾನೆಯಲ್ಲಿ ಗುಳಿಗೆ ಕೊಟ್ಟು ಉಳಿಸಿದರು. ಮನೆಯಲ್ಲಿ ಕೂತು ಒಮ್ಮೆಲೇ ಬಿಡಬೇಡಿ, ಮೊದಲು ದವಾಖಾನೆಗೆ ಹೋಗಿ ಎಂದು ಸಾಹೇಬರು ಕೈ ಮುಗಿದರು. ಕರ್ಪೂರ ಇರಲಿಲ್ಲ. ಗುತ್ತೆಪ್ಪನ ಮನೆಯ ಹೊಸ್ತಿಲ ಹೊರಗೆ ಕರವಸ್ತ್ರ ಹಿಡಿದು ನಿಂತದ್ದು ಇದಕ್ಕಾಗಿ. ಒಂದನ್ನೂ ಬಿಡದೆ ಕದ್ದುಕೊಂಡು ಹೋಗಿದ್ದರು.

ಸಭೆ ಮುಗಿದ ಮೇಲೆ ಒಬ್ಬ ಹೆಂಗಸು ನನ್ನ ಹತ್ತಿರ ಬಂದು, ಅದು ಯಾವ ದವಾಖಾನೆ ಎಂದು ಕೇಳಿದಳು. ಮರುದಿನವೇ ಗಂಡನನ್ನು ಕರೆದುಕೊಂಡು ಹೋದಳು. ಆಮೇಲೆ ಇನ್ನೂ ಕೆಲವರು ಹೋದರು. ನನಗೆ ಮೈಯೆಲ್ಲ ಉರಿಯಿತು. ಇಷ್ಟು ದಿನ ಅವರದು ಜನರನ್ನು ಕೊಲ್ಲುವ ಸುಳ್ಳು, ಈಗ ಅದು ಉಳಿಸುವ ಸುಳ್ಳು. ಅದನ್ನು ಬಯಲು ಮಾಡಬೇಕೆಂದಿದ್ದ ನಾನು ಯಾವ ಬಾಯಿಂದ ಬಯಲು ಮಾಡಲಿ?

ಬೀಳ್ಕೊಡುಗೆಗೆ ತಿಳವಳ್ಳಿಯ ಬ್ಯಾಂಡ್ ಕಂಪನಿಯನ್ನೇ ಕರೆಸಿದ್ದರು. ಗುತ್ತೆಪ್ಪ ಕೆಂಪು ಕೋಟು ಹಾಕಿಕೊಂಡು ಬಂದಿದ್ದ, ಫಕ್ಕೀರವ್ವನೂ ಜೊತೆಗಿದ್ದಳು. ಹಿಂದಿನ ಸಾಲಿನಲ್ಲಿ ನನ್ನ ಪಕ್ಕದಲ್ಲೇ ಕೂತರು. ಸಾಹೇಬರು ಕೊನೆಯ ಸಲವೆಂದು ತಮ್ಮ ಕಥೆಯನ್ನು ವಿಸ್ತಾರವಾಗಿಯೇ ಹೇಳಿದರು. ಕೋಲನ್ನು ಕೊಳಲೆಂದು ತಿಳಿದು ಊದಿದ್ದು, ಅದೇ ಕೋಲಿನಿಂದ ಕೈಹಿಡಿದವಳ ಹಣೆ ಒಡೆದದ್ದು. ಮುಂದಿನ ಸಾಲಿನಲ್ಲಿ ರೇಷ್ಮೆ ಸೀರೆ ಉಟ್ಟು ಕೂತಿದ್ದ ಅವರ ಹೆಂಡತಿ ಮೆಲ್ಲಗೆ ತಮ್ಮ ಹಣೆ ಮುಟ್ಟಿ ನೋಡಿಕೊಂಡರು.

ಗುತ್ತೆಪ್ಪನಿಗೆ ಆ ದಿನಗಳ ಯಾವುದೂ ನೆನಪಿಲ್ಲ. ಆ ಸ್ಥಿತಿಯಲ್ಲಿ ಮಾಡಿದ್ದು ಎದ್ದ ಮೇಲೆ ತಲೆಯಲ್ಲಿ ಉಳಿಯುವುದಿಲ್ಲ. ತನ್ನದೇ ದಿನಗಳನ್ನು ಅವನು ಬೇರೆಯವರ ಕಷ್ಟವೆಂದು ಕಣ್ಣು ತುಂಬಿಕೊಂಡು ಕೇಳುತ್ತಿದ್ದ.

“ಪಾಪ, ಸಾಹೇಬ್ರು ಭಾಳ ತ್ರಾಸ ತಗೊಂಡಾರ್ರಿ,” ಎಂದು ನನಗೆ ಹೇಳಿದ.

ನನಗೆ ತಡೆಯಲಾಗಲಿಲ್ಲ. ಇದು ನಿನ್ನದೇ ಕಥೆ ಎನ್ನಲು ಬಾಯಿ ತೆರೆದೆ. ಫಕ್ಕೀರವ್ವ ನನ್ನ ಮೊಣಕಾಲು ಗಟ್ಟಿಯಾಗಿ ಒತ್ತಿದಳು. ಅಷ್ಟರಲ್ಲಿ ಅವನೇ ಏನೋ ಹೊಳೆದವನಂತೆ ಅವಳ ಕಡೆಗೆ ತಿರುಗಿ, ಅವಳ ಹಣೆಯ ಕಲೆಯನ್ನು ನೋಡಿದ.

“ನಾನೂ ನಿನಗ ಹಿಂಗ ಹೊಡದಿದ್ನೇನ?”

“ಇಲ್ರಿ. ಬಚ್ಚಲದಾಗ ಜಾರಿ ಬಿದ್ದೆ ಅಂತ ಹೇಳಿಲ್ಲೇನ್ರಿ,” ಎಂದಳು ಫಕ್ಕೀರವ್ವ.

ವೇದಿಕೆಯ ಮೇಲೆ ಶಾಲು ಹೊದಿಸಿದರು, ಬ್ಯಾಂಡಿನವರನ್ನು ಕರೆದರು. ಗುತ್ತೆಪ್ಪ ಕಣ್ಣೊರೆಸಿಕೊಂಡು ಎದ್ದು ಹೋದ. ಅವನು ದೂರವಾದ ಮೇಲೆ ಫಕ್ಕೀರವ್ವ ನನ್ನ ಮೊಣಕಾಲಿನಿಂದ ಕೈ ತೆಗೆದಳು.

“ಆ ದಿನಗೋಳ್ನ ಸಾಹೇಬ್ರ ಇಟ್ಕೊಳ್ಳಲಿ ಬಿಡ್ರಿ ಅಕ್ಕಾರ,” ಎಂದಳು. “ನಮಗ ಬ್ಯಾಡ.”